ಮಂಗಳವಾರ ಸಾರಿಸಿದ ನೆಲ

ಬುಧವಾರ ಬೆಳಿಗ್ಗೆ ಕಲ್ಲುಮನೆಯ ಮೆಟ್ಟಿಲ ಬುಡದಲ್ಲಿ ದ್ಯಾವಯ್ಯನ ಹೆಣ ಸಿಕ್ಕಿತು. ತಲೆ ಒಡೆದಿತ್ತು. ಮೆಟ್ಟಿಲ ಮೇಲೆ ಮಾತ್ರ ಒಂದು ತೊಟ್ಟು ರಕ್ತವಿಲ್ಲ.

ಹಾನುಬಾಳಿನಾಚೆಯ ಆ ಹಳೇ ಮನೆಯನ್ನು ಯಜಮಾನ ಅರುಣ್ 2001ರಲ್ಲಿ ಮ್ಯೂಸಿಯಂ ಮಾಡಿದ್ದ. ಬಂದವರಿಗೆ ಮನೆ ತೋರಿಸಿ ಕಥೆ ಹೇಳುವವನು ದ್ಯಾವಯ್ಯ. ಗುಡಿಸಿ ಸಾರಿಸುವವಳು ಅವನ ಹೆಂಡತಿ ತಾಯಮ್ಮ. ಇಬ್ಬರ ವಾಸ ಹಿತ್ತಲಾಚೆ, ಯಜಮಾನರು ಆಳುಗಳಿಗೆಂದು ಕಟ್ಟಿಸಿದ ಲೈನ್ ಮನೆಯಲ್ಲಿ.

“ಜಾರಿ ಬಿದ್ದಿರ್ಬೇಕು,” ಎಂದ ಅರುಣ್.

“ಜಾರಿದೋನು ರಕ್ತಾನ ಬೇರೆ ಕಡೆ ಇಟ್ಟು ಬಂದ್ನಾ ಮೇಡಂ?” ಹೆಡ್ ಕಾನ್‌ಸ್ಟೇಬಲ್ ಬಸವಯ್ಯ ಪಿಸುಗುಟ್ಟಿದ. ಸಬ್‌ಇನ್‌ಸ್ಪೆಕ್ಟರ್ ಜಗದಾಂಬ ನಗಲಿಲ್ಲ.

*

“ನಿನ್ನೆ ಅವನ ಜೊತೆ ಜಗಳ ಆಯ್ತಂತೆ?” ಜಗದಾಂಬ ಕೇಳಿದಳು.

“ಆಯ್ತು,” ಎಂದ ಅರುಣ್. “ನಮ್ಮಜ್ಜ ಆಳುಗಳನ್ನ ಕಂಬಕ್ಕೆ ಕಟ್ಟಿ ಹೊಡೀತಿದ್ರು ಅಂತ ಬಂದೋರ್ಗೆಲ್ಲ ಹೇಳ್ತಿದ್ದ. ಇನ್ನೊಂದ್ಸಲ ಹೇಳಿದ್ರೆ ಲೈನ್ ಮನೆ ಖಾಲಿ ಮಾಡು ಅಂದೆ. ಐದಕ್ಕೆ ಸಕಲೇಶಪುರಕ್ಕೆ ಹೋದೆ.”

“ಅವನು ಹೇಳಿದ್ದು ಸುಳ್ಳಾ?”

ಅರುಣ್ ಮುಖ ಆಚೆ ತಿರುಗಿಸಿದ. ಕೊಂದವನು ಇವನೇ ಆಗಿರಲಪ್ಪಾ ಎಂದು ಜಗದಾಂಬಳ ಮನಸ್ಸು ಬೇಡಿಕೊಂಡಿತು.

*

ಹಳೇ ಕಾಲದ ಹಾಗೇ ಇರಲೆಂದು ಅಡುಗೆಮನೆಗೆ ಮಣ್ಣಿನ ನೆಲ ಉಳಿಸಿದ್ದರು. ಸಗಣಿ ಸಾರಿಸಿದ್ದು ಇನ್ನೂ ಪೂರ್ತಿ ಒಣಗಿರಲಿಲ್ಲ. ಒರಳುಕಲ್ಲು ತೊಳೆದಿತ್ತು.

“ಇಲ್ಲಿ ಯಾವತ್ತು ಸಾರಿಸೋದು?”

“ಶನಿವಾರ ಶನಿವಾರ. ರಂಗೋಲಿನೂ ಹಾಕ್ತಾಳೆ,” ಎಂದ ಅರುಣ್.

ಇವತ್ತು ರಂಗೋಲಿಯಿಲ್ಲ. ಜಗದಾಂಬ ಬಗ್ಗಿ ನೋಡಿದಳು. ಬೆರಳಿನ ಗೆರೆಗಳು ಹಿಂದೆ ಹಿಂದೆ ಸರಿಯುತ್ತ ಹಿತ್ತಲ ಬಾಗಿಲಲ್ಲಿ ಮುಗಿದಿದ್ದವು. ಬಾಗಿಲಾಚೆ ಕಂಡದ್ದು ಲೈನ್ ಮನೆ.

*

ತಾಯಮ್ಮ ಲೈನ್ ಮನೆಯ ಹೊಸ್ತಿಲಾಚೆ ಕೂತಿದ್ದಳು.

“ಹೆಣ ಹೊರಗೆ ಸಿಕ್ತು. ಒಳಗ್ಯಾಕೆ ಸಾರಿಸ್ದೆ ತಾಯಮ್ಮ?”

ತಾಯಮ್ಮ ಉಗುರಿನ ಸಂದಿಯ ಸಗಣಿ ಕೆರೆದಳು.

“ಬೇರೆಯವರಾಗಿದ್ರೆ ರಕ್ತದ ಮೇಲೆ ನೀರು ಸುರಿದು ಹೋಗ್ತಿದ್ರು. ಅರುಣ್‌ಗೆ ಸಗಣಿ ಕಲಸೋಕೂ ಬರಲ್ಲ. ಸಾರಿಸಿ ರಂಗೋಲಿ ಹಾಕದೆ ಬಿಡೋದು ಹೆಣ ಎತ್ತಿದ ಜಾಗಾನ. ಅವನು ಸತ್ತಿದ್ದು ಅಡುಗೆಮನೇಲಿ ಅಂತ ಗೊತ್ತಿದ್ದೋಳೇ ಸಾರಿಸಿದಾಳೆ. ಸಾರಿಸ್ತಾ ಸಾರಿಸ್ತಾ ನಿಮ್ಮನೆ ಕಡೆ ಬಾಗ್ಲಿಗೆ ಬಂದಿದಾಳೆ.”

“ಹಂಗೇ ಬುಡಕ್ಕಾಯ್ತದಾ ಕಣವ್ವ? ಗಂಡ ಅವನು.” ಎಂದಳು ತಾಯಮ್ಮ. “ನಾಳೆನೂ ಹೇಳೇ ಹೇಳ್ತೀನಿ, ಏಟು ತಿಂದೋನು ನಮ್ಮಪ್ಪ ಅಂದ. ಈ ಮನೆ ಹೋದ್ರೆ ಎಲ್ಲಿಗೋಗಾನ, ಬಾಯ್ಮುಚ್ಕಳೋ ಅಂತ ತಳ್ಳಿದೆ. ಒರಳಿನ ಮ್ಯಾಲೆ ಬಿದ್ಬುಟ್ಟ. ಜಾರಿ ಬಿದ್ದ ಅಂದ್ರೆ ಮನೆನಾದ್ರೂ ಉಳೀತದೆ ಅಂತ ಎಳ್ಕಂಡೋದೆ. ಹೊಟ್ಟಿನ ಮೂಟೆಯಂಗಿದ್ದ, ಭಾರವೇ ಇರ್ನಿಲ್ಲ.”

ಹಿಂದೆ ನಿಂತಿದ್ದ ಅರುಣ್ ತೊದಲಿದ. “ನಾನು ಸುಮ್ನೆ ಹೆದರಿಸಿದ್ದು ಕಣೇ ತಾಯಮ್ಮ. ಖಾಲಿ ಮಾಡಿಸ್ತಿರ್ಲಿಲ್ಲ.”

ತಾಯಮ್ಮ ಅವನನ್ನೇ ನೋಡಿದಳು. ಎದ್ದು ಕದ ಎಳೆದು ಬೀಗ ಹಾಕಿದಳು. ಕೀಲಿ ಚಾಚಿದಳು.

“ತಕಳಿ ಅಯ್ಯ. ಖಾಲಿ ಆಯ್ತು.”