ಸರಸು ಬಿಚ್ಚಿದ ನಟ್ಟುಗಳು

"ಒಸಿ ಕೈ ಕೊಡ್ತೀರಾ? ಇದು ಒಬ್ಬರ ಕೈಲಿ ಏಳಾಕಿಲ್ಲ!"

ಹಿಪ್ಪುನೇರಳೆ ಸೊಪ್ಪಿನ ಕುಕ್ಕೆ ಸೊಂಟದಲ್ಲಿಟ್ಟುಕೊಂಡು ಬರುತ್ತಿದ್ದ ಸರಸು ಬೆಚ್ಚಿ ನಿಂತಳು.

ಚಪ್ಪರದಡಿ, ತಾತನ ಕಾಲದ ವಿಲಾಯಿತಿ ಟ್ರ್ಯಾಕ್ಟರಿನ ಮೇಲೆ ಯಾರೋ ಬಾಗಿದ್ದ. ಮೊಣಕೈವರೆಗೂ ಮಸಿ. ಕೆನ್ನೆಯ ಮೇಲೂ ಒಂದು ಗೆರೆ ಮಸಿ.

"ನಾನಾ?"

"ಇಲ್ಲಿ ನಿಮ್ಮನ್ನ ಬಿಟ್ರೆ ಕೋಳಿ ಐತೆ. ಅದನ್ನ ಕೇಳ್ದೆ, ಒಪ್ಪಲಿಲ್ಲ."

ನಗು ತಡೆಯಲಾಗಲಿಲ್ಲ ಅವಳಿಗೆ. ಕುಕ್ಕೆ ಇಳಿಸಿ, ಎಂಜಿನ್ನಿನ ಕಬ್ಬಿಣದ ಮುಚ್ಚಳದ ಇನ್ನೊಂದು ತುದಿ ಹಿಡಿದಳು. ಇಬ್ಬರೂ ಎತ್ತಿದರು. ಭಾರಕ್ಕೆ ಮುಖಗಳು ಹತ್ತಿರ ಬಂದವು… ತೀರಾ ಹತ್ತಿರ!

"ನಡುಗಬೇಡಿ, ನನ್ ಕಾಲ್ ಮ್ಯಾಲೆ ಬಿದ್ದಾತು."

"ನಾನ್ ನಡುಗ್ತಿಲ್ಲ!"

"ಹಂಗಾರೆ… ನಡುಗ್ತಿರೋದು ನಾನೇ ಇರಬೇಕು."

ಅವನು ಬೋರಲಿಂಗ, ಬೈರಾಪಟ್ಟಣದ ಮೆಕ್ಯಾನಿಕ್. ಮುಚ್ಚಳಕ್ಕೂ ಎಂಜಿನ್ನಿನ ಮೈಗೂ ನಡುವೆ ಕೂರುವ ತೆಳ್ಳನೆಯ ತಾಮ್ರದ ಗ್ಯಾಸ್ಕೆಟ್ ಸುಟ್ಟು ನೀರು ಸೋರುತ್ತಿತ್ತು. ಹೊಸದನ್ನು ಕೂರಿಸುತ್ತಾ ಅವನು ಹೇಳಿಕೊಟ್ಟ.

"ನಡುವಿನ ನಟ್ಟಿಂದ ಶುರು ಮಾಡಿ, ಅಡ್ಡಡ್ಡ ಹೊರಗಡೀಕೆ ಬರ್ಬೇಕು. ಒಂದೇ ಸಲ ಬಿಗಿದ್ರೆ ಮುನಿಸ್ಕತ್ತದೆ. ಸ್ಪ್ಯಾನರ್‌ಗೆ ಈ ಪೈಪ್ ಸಿಗಿಸಿದ್ರೆ ಸಾಕು, ನಿಮ್ ಕೈಲೂ ಆಯ್ತದೆ."

ಹೀಗೆ ಏನನ್ನೂ ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ. ಸರಸು ಕಣ್ಣು ಮಿಟುಕಿಸದೆ ನೋಡಿದಳು. ನಟ್ಟುಗಳನ್ನೋ, ಆ ಬೆರಳುಗಳನ್ನೋ… ಅವಳಿಗೇ ತಿಳಿಯಲಿಲ್ಲ.

ಸಂಜೆ ಎಂಜಿನ್ ಗುಡುಗಿತು. ಅಪ್ಪ ದೊಡ್ಡಹನುಮಯ್ಯ ಟವೆಲ್ ಕೊಡವಿ ಕೂಗಿದರು.

"ನಿಮ್ಮವ್ವ ಈ ಮನೇಗೆ ಬಂದಿದ್ದು ಇದರ ಮ್ಯಾಲೆ ಕಣವ್ವ! ನೀನು ಹೋಗೋದೂ ಇದರ ಮ್ಯಾಲೇ. ಗಾಡಿ ಸರಿ ಹೋಯ್ತಲ್ಲ, ಇನ್ನು ದಿಬ್ಬಣ ಹೊರಡಿಸೋದೇ!"

ಸರಸು ತಿರುಗಿ ಒಳಗೆ ನಡೆದಳು.

ವರ ಬೇರೆ ಯಾರೂ ಅಲ್ಲ, ಅಮ್ಮನ ತಮ್ಮ ತಿಮ್ಮಯ್ಯ. ಕನಕಪುರದ ಮಾವ. ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ತಿರುಗಿದವನು. ಅಮ್ಮ ತೀರಿಕೊಂಡಾಗಲೇ ಹಿರಿಯರೆಲ್ಲ ಮಾತಾಡಿಕೊಂಡಿದ್ದ ಸಂಬಂಧ. ಅವಳನ್ನು ಯಾರೂ ಕೇಳಿರಲಿಲ್ಲ. ಕೇಳಬೇಕೆಂದು ಯಾರಿಗೂ ಹೊಳೆದೂ ಇರಲಿಲ್ಲ.

ಅಜ್ಜಿ ಹೇಳುತ್ತಿದ್ದ ಕತೆಗಳಲ್ಲಿ ರಾಜಕುಮಾರಿಯನ್ನು ಕೂಡಿಹಾಕಲು ಒಬ್ಬ ರಾಕ್ಷಸ ಇರುತ್ತಿದ್ದ. ಯಾರ ಮೇಲೆ ಸಿಟ್ಟಾಗಬೇಕೆಂದು ಆ ರಾಜಕುಮಾರಿಗೆ ಗೊತ್ತಿರುತ್ತಿತ್ತು. ಇಲ್ಲಿ ರಾಕ್ಷಸನೇ ಇಲ್ಲವಲ್ಲ! ಅಪ್ಪ ಒಳ್ಳೆಯವರು, ಮಾವ ಒಳ್ಳೆಯವನು, ಎಲ್ಲರೂ ಪ್ರೀತಿಯಿಂದಲೇ ಸುತ್ತ ನಿಂತಿದ್ದಾರೆ. ಅವಳಿಗೆ ಮಾತ್ರ ಉಸಿರು ಕಟ್ಟುತ್ತಿದೆ…

ಮರುದಿನ ಉಂಡು ಎಲ್ಲರೂ ಅಡ್ಡಾದ ಹೊತ್ತಿನಲ್ಲಿ ಅವಳು ಚಪ್ಪರದಡಿ ಹೋದಳು. ಅಪ್ಪನ ಪೆಟ್ಟಿಗೆಯ ಸ್ಪ್ಯಾನರ್. ಅದಕ್ಕೊಂದು ಪೈಪ್. ಮೈಭಾರ ಹಾಕಿ ಒತ್ತಿದಳು, ನಟ್ಟು ತಿರುಗಿತು.

'ಇನ್ನೊಂದಿಷ್ಟು ದಿನ… ಅಷ್ಟೇ ಸಾಕು ದೇವರೇ!'

ಸಂಜೆ ಎಂಜಿನ್ ಬಿಸಿಯಾದಂತೆ ಮುಚ್ಚಳದ ಸಂದಿಯಲ್ಲಿ ನೀರು ಜಿನುಗಿತು.

ಬೋರಲಿಂಗ ಮತ್ತೆ ಬಂದ. ಮತ್ತೆ ಬಿಚ್ಚಿದ, ಹೊಸ ಗ್ಯಾಸ್ಕೆಟ್ ಹಾಕಿದ. ಅವಳು ಮಜ್ಜಿಗೆ ಕೊಟ್ಟಳು, ಅವನು ದೊಡ್ಡಮಳೂರಿನ ಕೋತಿಯೊಂದು ತನ್ನ ಬುತ್ತಿ ಕಸಿದ ಕತೆ ಹೇಳಿದ. ಅವಳು ನಕ್ಕೂ ನಕ್ಕೂ ಸುಸ್ತಾದಳು. ಅವನು ಹೊರಟ ಮೇಲೆ ಅಂಗಳ ಎಷ್ಟು ದೊಡ್ಡದೆನಿಸಿತು!

ಆ ನಟ್ಟುಗಳು ಮತ್ತೊಮ್ಮೆ ಸಡಿಲಾದವು.

ಈ ಸಲ ಅಪ್ಪ ಕೆಂಡವಾದರು. ಹೋಬಳಿ ಊರು ಕೈಲಾಂಚದ ಟೀ ಅಂಗಡಿಯಲ್ಲಿ ನಗೆ ಎದ್ದಿತ್ತು. "ಬೋರ ಮುಟ್ಟಿದ ಗಾಡಿ ಕಣ್ಲಾ, ಅದ್ರಲ್ಲೇ ಹೊಲಕ್ಕೆ ನೀರು ಹಾಯಿಸ್ಬೋದು!"

ಬೋರಲಿಂಗ ಬಂದವನು ನೇರ ಟ್ರ್ಯಾಕ್ಟರಿನ ಹತ್ತಿರ ಹೋದ. ನಟ್ಟುಗಳ ಹಿಂಬದಿಯನ್ನು ಬಗ್ಗಿ ನೋಡಿದ. ಹಾಗೇ ನೋಡುತ್ತಾ ನಿಂತ.

"ಸರಸೂ ಅವ್ರೇ… ಇಲ್ಲಿ ಬನ್ನಿ."

ಅವಳು ಚಪ್ಪರದಡಿ ಬಂದಳು.

"ಚನ್ನಪಟ್ಟಣದ ಬೊಂಬೆ ಮಾಡೋರ ಹತ್ರ ಕೆಂಪು ಬಣ್ಣ ಇಸ್ಕಂಡು, ಹೋದ ಸಲ ಒಂದೊಂದ್ ನಟ್ಟಿಂದ್ಲೂ ಮುಚ್ಚಳದವರ್ಗೂ ಗೆರೆ ಎಳ್ದಿದ್ದೆ. ನೋಡಿ, ಈ ಮೂರರ ಗೆರೆ ತುಂಡಾಗೈತೆ. ನಟ್ಟು ತಾನಾಗೇ ಇಷ್ಟು ತಿರುಗಾಕಿಲ್ಲ. ಪೈಪ್ ಸಿಗಿಸೋದು ನಾನ್ ಹೇಳಿಕೊಟ್ಟಿದ್ದು ನಿಮಗೊಬ್ಬರಿಗೇ."

ಅವಳ ಕಣ್ಣು ತುಂಬಿತು.

"ಗಾಡಿ ಸರಿಯಾದ್ರೆ… ನನ್ ಮದುವೆ."

"ಅದಕ್ಕೆ?"

"ಅದಕ್ಕೇ!"

ಅವನು ತುಂಡಾದ ಗೆರೆಯ ಮೇಲೆ ಬೆರಳಾಡಿಸಿದ.

"ನಾನೆಂಥ ದಡ್ಡ! ಆ ಮಜ್ಜಿಗೆ, ಆ ನಗು… ನಾನ್ ಬರ್ಲಿ ಅಂತ ಅನ್ಕಂಡಿದ್ದೆ. ನಿಮಗೆ ನಾನ್ ಬೇಕಾಗಿರ್ಲಿಲ್ಲ, ನಾನ್ ಸೋಲೋದು ಬೇಕಾಗಿತ್ತು."

'ಅಲ್ಲ, ಅಲ್ಲ…!' ಆದರೆ ಬಾಯಿಬಿಟ್ಟರೆ ಎಲ್ಲವೂ ಹೊರಬೀಳುತ್ತದಲ್ಲ?

ಅವನು ನಡುವಿನಿಂದ ಶುರುಮಾಡಿ ಬಿಗಿದ. ಎಂಜಿನ್ ಬಿಸಿಮಾಡಿ, ಆರಿದ ಮೇಲೆ ಮತ್ತೊಮ್ಮೆ ಬಿಗಿದ. ಚೀಲ ಹೆಗಲಿಗೇರಿಸಿದ.

"ನಾನ್ ಯಾರಿಗೂ ಹೇಳಾಕಿಲ್ಲ. ಆದ್ರೆ ಇನ್ನು ನನಗೆ ಹೇಳಿಕಳಿಸಬ್ಯಾಡಿ."

ಟ್ರ್ಯಾಕ್ಟರ್ ಆಮೇಲೆ ಒಂದು ಹನಿಯೂ ಸೋರಲಿಲ್ಲ. ಅದು ಗುಡುಗಿದಾಗಲೆಲ್ಲ ಸರಸುವಿಗೆ ಬಾಗಿಲೊಂದು ಮುಚ್ಚಿಕೊಂಡಂತೆ ಕೇಳಿಸುತ್ತಿತ್ತು. ಸ್ಪ್ಯಾನರ್ ಅಲ್ಲೇ ಇತ್ತು. ಅವಳು ಮುಟ್ಟಲಿಲ್ಲ.

ದಿನ ಗೊತ್ತುಮಾಡಲು ತಿಮ್ಮಯ್ಯ ಮಾವ ಸ್ಕೂಟರಿನಲ್ಲಿ ಬಂದ. ಜಗುಲಿ ತುಂಬ ಊರಿನವರು. ಅಪ್ಪ ಎಲೆಗೆ ಸುಣ್ಣ ಹಚ್ಚುತ್ತಾ ಅಂದರು.

"ಗಾಡಿ ಈಗೇನೋ ಓಡ್ತೈತೆ. ಆದ್ರೂ ಆ ಬೈರಾಪಟ್ಟಣದೋನ್ನ ನಂಬಾಕಾಗಾಕಿಲ್ಲ. ಹೋಬಳೀಲಿ ಟ್ರ್ಯಾಕ್ಟರ್ ಇರೋರಿಗೆಲ್ಲ ಹೇಳ್ಬುಟ್ಟಿವ್ನಿ, ಅವನ ಕೈಗೆ ಗಾಡಿ ಕೊಡಬ್ಯಾಡಿ ಅಂತ."

ಒಳಗೆ ಕಾಫಿ ಸೋಸುತ್ತಿದ್ದ ಸರಸುವಿನ ಕೈ ನಿಂತಿತು.

'ಅವನು ಬಾಯಿಬಿಡಲಿಲ್ಲ. ಅನ್ನ ಕಳೆದುಕೊಳ್ಳುತ್ತಿದ್ದರೂ ಬಾಯಿಬಿಡಲಿಲ್ಲ… ನಾನು?'

ಅವಳು ಹೊರಗೆ ಬಂದಳು.

"ಅಪ್ಪಾ, ಅವ್ರದ್ದು ತಪ್ಪಿಲ್ಲ. ನಟ್ಟು ಬಿಚ್ಚಿದ್ದು ನಾನು. ಎರಡು ಸಲಾನೂ ನಾನೇ."

ಅಪ್ಪ ಎಲೆ ಕೆಳಗಿಟ್ಟು ಅವಳತ್ತ ತಿರುಗಿದರು.

"ಏನಂದೆ?"

"ನಂಗೆ ಈ ಮದುವೆ ಬ್ಯಾಡ ಅಪ್ಪಾ. ಹೇಳಾಕೆ ಧೈರ್ಯ ಇರ್ಲಿಲ್ಲ, ಅದಕ್ಕೆ ಬಿಚ್ಚಿದೆ. ಮಾವನ ಮ್ಯಾಲೆ ನಂಗೆ ಪ್ರಾಣ… ಆದ್ರೆ ಮಾವನಾಗೇ!"

ಅಪ್ಪ ಎದ್ದ ರಭಸಕ್ಕೆ ಎಲೆತಟ್ಟೆ ಉರುಳಿತು. ಎತ್ತಿದ ಕೈಯನ್ನು ತಿಮ್ಮಯ್ಯ ಹಿಡಿದುಕೊಂಡ. ಅವನ ಮುಖವೂ ಬಿಳಿಚಿತ್ತು. ಆದರೂ ತುಟಿಯ ಮೂಲೆಯಲ್ಲಿ ಒಂದು ಸೋತ ನಗು.

"ಬಿಡು ಭಾವ. ಒಪ್ಪದ ಹೆಣ್ಣನ್ನ ಗಾಡೀಲಿ ತುಂಬ್ಕಂಡ್ ಹೋಗಾಕೆ, ನಾನೇನ್ ಹುಲ್ಲು ಕೊಂಡ್ಕಳಾಕೆ ಬಂದಿದ್ನಾ?" ಆಮೇಲೆ ಅವಳ ಕಡೆ ತಿರುಗಿದ. "ಮೊದ್ಲೇ ಹೇಳೋದಲ್ವೇನೇ, ಪೆದ್ದೀ!"

ಅವಳು ಅಳುತ್ತಾ ಅವನ ಕಾಲಿಗೆ ಬಿದ್ದಳು.

ಅಪ್ಪ ಕಂಬಕ್ಕೊರಗಿ ಕುಳಿತರು. ಆಮೇಲೆ ಯಾರ ಮುಖವನ್ನೂ ನೋಡದೆ ಅಂದರು.

"ಒಬ್ಬ ದುಡಿಯೋ ಗಂಡಸಿನ ಹೆಸರು ಕೆಡಿಸ್ಬುಟ್ಟೆ ನಾನು, ನಿನ್ನಿಂದ. ಹೋಗು, ಕ್ಷಮೆ ಕೇಳ್ಕಂಡು ಬಾ. ಕ್ಷಮೆ ಕೇಳೋದಷ್ಟೇ! ತಿಳೀತಾ?"

ತಿಮ್ಮಯ್ಯ ಆಗಲೇ ಸ್ಕೂಟರ್ ಒದೆಯುತ್ತಿದ್ದ.

ಬೈರಾಪಟ್ಟಣದ ಶೆಡ್ಡಿನಲ್ಲಿ ರಿಪೇರಿಗೆ ಒಂದು ಗಾಡಿಯೂ ಇರಲಿಲ್ಲ. ಬೋರಲಿಂಗ ಒಬ್ಬನೇ ಕುಳಿತು, ಒರೆಸಿದ ಸ್ಪ್ಯಾನರನ್ನೇ ಮತ್ತೆ ಒರೆಸುತ್ತಿದ್ದ. ಮಾವ ಬೇಲಿಯಾಚೆಯೇ ನಿಂತ, ರಸ್ತೆಗೆ ಮುಖಮಾಡಿ.

"ನೀವಾ…?"

"ಎಲ್ಲಾರ ಮುಂದೆ ಹೇಳ್ಬುಟ್ಟೆ. ಬಿಚ್ಚಿದ್ದು ನಾನೇ ಅಂತ."

ಅವನು ಎದ್ದು ನಿಂತ. "ಮದುವೆ?"

"ನಿಂತೋಯ್ತು." ಅವಳು ಸೆರಗಿನ ತುದಿ ಹಿಂಡಿದಳು. "ಇನ್ನೊಂದು ಮಾತು… ಅದನ್ನ ಮಾತ್ರ ಯಾರಿಗೂ ಹೇಳಿಲ್ಲ. ಮೊದಲನೇ ಸಲ ಬಿಚ್ಚಿದ್ದು ಮದುವೆ ತಡೆಯೋಕೆ. ಎರಡನೇ ಸಲ… ನೀವು ಬರ್ಲಿ ಅಂತ."

ಅವನ ಕೈಯ ಬಟ್ಟೆ ಜಾರಿ ಬಿತ್ತು.

"ಅಪ್ಪ ಏನಂದ್ರು?"

"ಕ್ಷಮೆ ಕೇಳ್ಕಂಡು ಬಾ ಅಂದ್ರು. ಅಷ್ಟೇ."

"ಕೇಳಿ ಮತ್ತೆ."

"ಕೇಳ್ಬುಟ್ರೆ… ವಾಪಸ್ ಹೋಗ್ಬೇಕಲ್ಲ?"

ಅವನು ಒಂದು ಹೆಜ್ಜೆ ಹತ್ತಿರ ಬಂದ.

"ಹಂಗಾರೆ… ಒಸಿ ನಿಧಾನಕ್ಕೆ ಕೇಳಿ."