ಮಣ್ಣಿಗೆ ಹಾಕಿದ ಹೆಪ್ಪು

ನಮ್ಮ ಅಜ್ಜಿಯ ಅಜ್ಜಿಗೂ ನೆನಪಿಲ್ಲದಷ್ಟು ಹಿಂದೆ ಎರೆನಾಡು ಎಂಬ ರಾಜ್ಯವಿತ್ತು. ಅದನ್ನು ಆಳುತ್ತಿದ್ದ ವಿಕಟಸೇನನಿಗೆ ಎಲ್ಲರ ಮೇಲೂ ಅನುಮಾನ. ಮೊದಲು ಬೆಕ್ಕು ತಿಂದು, ಸಾಯದೆ ಉಳಿದರೆ ಮಾತ್ರ ಅವನು ಊಟ ಮಾಡುತ್ತಿದ್ದ. ಬೆಕ್ಕು ದುಂಡಗಾಯಿತು, ರಾಜ ಸೊರಗಿದ.

ಇಂಥ ರಾಜನ ಬಳಿಗೆ ಬೂದಿಗಣ್ಣ ಎಂಬ ಮಾಂತ್ರಿಕ ಪಲ್ಲಕ್ಕಿಯಲ್ಲಿ ಬಂದ. ಚಿಟಿಕೆ ಮಣ್ಣನ್ನು ಮಾಯದ ಹರಳಿನ ಕೆಳಗಿಟ್ಟು ತೋರಿಸಿದ. ಅದರಲ್ಲಿ ಲೆಕ್ಕವಿಲ್ಲದಷ್ಟು ಜೀವಿಗಳು ಮಿಜಿಗುಡುತ್ತಿದ್ದವು.

“ನೋಡಿದಿರಾ ಮಹಾಪ್ರಭು? ನಿಮ್ಮ ಕಾಲ ಕೆಳಗೇ ಕಾಣದ ದಂಡು ಸೇರಿದೆ.”

ರಾಜ ಸಿಂಹಾಸನದ ಮೇಲೆ ಕಾಲು ಎತ್ತಿಕೊಂಡು ಕೂತ. “ಎಲ್ಲವನ್ನೂ ಕೊಂದುಬಿಡಿ,” ಎಂದ.

ಬೂದಿಗಣ್ಣ ಹೊಲಗಳ ಮೇಲೆಲ್ಲ ಬಿಸಿಬೂದಿ ಊದಿಸಿದ. ಮಣ್ಣು ಸತ್ತಿತು, ಬಿತ್ತಿದ್ದು ಹುಟ್ಟಲಿಲ್ಲ. ಆಮೇಲೆ ಅವನೇ ಕೊಂಬು ಊದಿ ಪೈರು ಎಬ್ಬಿಸಿದ. ಜೋಳ ಆಳೆತ್ತರ ಬೆಳೆಯಿತು, ತೆನೆಯೆಲ್ಲ ಜೊಳ್ಳು. ಯಾಕೆಂದು ಕೇಳಿದವರನ್ನು ಬೆದರುಬೊಂಬೆ ಮಾಡಿ ಅವರವರ ಹೊಲದಲ್ಲೇ ನಿಲ್ಲಿಸಿದ.

ಕೆಂಚ ಎಂಬ ರೈತ ಕೇಳಿದ್ದು ಇಷ್ಟೇ: “ಸ್ವಾಮಿ, ಮಳೆ ಬಿದ್ರೂ ಮಣ್ಣು ಯಾಕೆ ಘಮ್ಮನ್ನಲ್ಲ?”

ಅವನೂ ಹುಲ್ಲಿನ ಬೊಂಬೆಯಾದ. “ಮಣ್ಣು ಘಮ್ಮಂದ ದಿನ ಕಣ್ಣು ಬಿಡು,” ಎಂದು ಬೂದಿಗಣ್ಣ ನಕ್ಕ.

ಕೆಂಚನ ಹೆಂಡತಿ ತಿಪ್ಪಕ್ಕ ಮೊಸರು ಮಾರುವವಳು. ಗಾಳಿ ಬೀಸಿದಾಗಲೆಲ್ಲ ಗಂಡನ ಮೈಯಿಂದ ಹುಲ್ಲು ಹಾರಿಹೋಗುತ್ತಿತ್ತು. ಹುಲ್ಲೆಲ್ಲ ಹೋದರೆ ಗಂಡನೂ ಹೋದಂತೆ. ಕಾಸಿದ ಹಾಲು ತಾನಾಗಿ ಮೊಸರಾಗುವುದಿಲ್ಲ, ಹೆಪ್ಪು ಬೇಕು. ನಮ್ಮ ಮನೆಯಲ್ಲಿ ಇಲ್ಲದಿದ್ದರೆ ಪಕ್ಕದ ಮನೆಯಿಂದ ತರುತ್ತೇವೆ. ಮಣ್ಣಿಗೂ ಹಾಗೇ ಮಾಡಿದರಾಯಿತು ಎಂದುಕೊಂಡು ಅವಳು ಗಡಿಗೆ ಹಿಡಿದು ಹೊರಟಳು.

ಹೊಳೆಯಾಚೆ, ಬೂದಿ ಬೀಳದ ನೆಲದಲ್ಲಿ, ಹೊಂಗೆಮರದ ಬುಡದ ಮಣ್ಣನ್ನು ಬಾಚಿದಳು. ಮಣ್ಣಿನೊಳಗಿಂದ ಸಣ್ಣ ದನಿ ಬಂತು.

“ಅಕ್ಕಾ, ಬಿಸಿಲು ತಾಗಿಸಬೇಡ. ಸಾಯ್ತೀವಿ.”

“ನೀವ್ಯಾರು? ನಂಬೋದು ಹೆಂಗೆ?”

“ಸತ್ತದ್ದನ್ನ ತಿಂದು ಬೇರಿಗೆ ಉಣ್ಣಿಸೋರು ನಾವು. ಬದುಕಿರೋ ನಿನಗೆ ಯಾಕೆ ಭಯ?”

ತಿಪ್ಪಕ್ಕ ಆ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಗಡಿಗೆಗೆ ಮುಚ್ಚಳ ಬಿಗಿದಳು.

ಬೂದಿಗಣ್ಣನ ಮಾಯದ ನರಿ ಇದನ್ನು ನೋಡಿತ್ತು. ಅದು ಮುದುಕಿಯಾಗಿ ದಾರಿಗೆ ಬಂತು. “ಗಡಿಗೇಲಿ ಹಾವೈತೆ ಮಗಳೇ. ಮುಚ್ಚಳ ತೆಗೆ, ನೋಡಾಣ.”

“ಹೆಪ್ಪು ಅಜ್ಜಿ, ತೆಗೆಯಲ್ಲ.”

ಮುಂದೆ ಅದು ಸಿಪಾಯಿಯಾಗಿ ಬಂತು. “ಗಡಿಗೇಲಿ ವಿಷ ಐತೆ. ಮುಚ್ಚಳ ತೆಗೆ, ನೋಡಾಣ.”

“ಹೆಪ್ಪು ಕಣಪ್ಪ, ತೆಗೆಯಲ್ಲ.”

ಊರು ಹತ್ತಿರವಾಯಿತು. ಗಡಿಗೆಯಿಂದ ಸದ್ದಿಲ್ಲ. ಒಳಗಿನವರು ಸತ್ತರೋ, ತನ್ನನ್ನು ಮೋಸಗೊಳಿಸಿದರೋ ಎಂದು ಅವಳಿಗೂ ಅನುಮಾನ ಹತ್ತಿತು. ಆಗಲೇ ಬೇಲಿಯ ಹಿಂದಿನಿಂದ ಗಂಡನ ದನಿ: “ತಿಪ್ಪಕ್ಕಾ, ಮುಚ್ಚಳ ತೆಗೆ, ನೋಡಾಣ.”

ಅವಳ ಕೈ ಮುಚ್ಚಳಕ್ಕೆ ಹೋಗಿತ್ತು. ಅಲ್ಲೇ ನಿಂತಿತು. ಕೆಂಚ ಮದುವೆಯಾದಾಗಿನಿಂದ ಅವಳನ್ನು “ಲೇ” ಎಂದೇ ಕರೆದವನು. “ಹೆಪ್ಪು, ತೆಗೆಯಲ್ಲ,” ಎಂದು ನಡೆದೇಬಿಟ್ಟಳು. ನರಿ ಊಳಿಡುತ್ತ ಓಡಿಹೋಯಿತು.

ಅವಳು ಆ ಮಣ್ಣಿಗೆ ಸಗಣಿ, ಗಂಜಲ, ಬೆಲ್ಲ, ಕಡಲೆಹಿಟ್ಟು ಕಲಸಿ ನೆರಳಲ್ಲಿಟ್ಟಳು. ಅದು ನೊರೆಯೆದ್ದು ನಾರಿತು. ಹೊಲಕ್ಕೆ ಹೊಯ್ದು ಮೇಲೆ ಒಣ ಸೊಪ್ಪು ಹೊದಿಸಿದಳು. ಮಾಟ ಮಾಡುತ್ತಿದ್ದಾಳೆಂದು ನೆರೆಯವರು ಬಾಗಿಲು ಹಾಕಿಕೊಂಡರು. ಕೆಂಚನ ಹುಲ್ಲು ಎದೆಯವರೆಗೆ ಖಾಲಿಯಾಗಿತ್ತು.

ಸುದ್ದಿ ಕೇಳಿ ರಾಜ ಬೆಕ್ಕನ್ನೆತ್ತಿಕೊಂಡು ಬಂದ. ಬೂದಿಗಣ್ಣ ಪಲ್ಲಕ್ಕಿಯಲ್ಲೇ ಕೂತು, “ವಿಷ ಮಹಾಪ್ರಭು! ಬೂದಿ ಸುರಿಸಿ,” ಎಂದ. ರಾಜ ಬೆಕ್ಕನ್ನು ಹೊಲಕ್ಕೆ ಬಿಟ್ಟ. ಅದು ಮೆತ್ತಗಿನ ಮಣ್ಣನ್ನು ಕೆದರಿ, ತನ್ನ ಕೆಲಸ ಮುಗಿಸಿ, ಮುಚ್ಚಿ ಬಂತು.

“ಮಹಾಪ್ರಭು,” ಎಂದಳು ತಿಪ್ಪಕ್ಕ, “ನೀವು ಅನ್ನಾನೂ ಅನುಮಾನ ಪಟ್ರಿ, ಮಣ್ಣನ್ನೂ ಅನುಮಾನ ಪಟ್ರಿ. ಪಲ್ಲಕ್ಕೀಲಿ ಕೂತಿರೋ ಇವರನ್ನ ಮಾತ್ರ ಬಿಟ್ಟುಬಿಟ್ರಿ. ಇವರು ಮಣ್ಣಿನ ಮೇಲೆ ಕಾಲಿಟ್ಟಿದ್ದು ಯಾರಾದ್ರೂ ಕಂಡಿದ್ದೀರಾ?”

ಯಾರೂ ಕಂಡಿರಲಿಲ್ಲ. ರಾಜನ ಹುಬ್ಬು ಮೇಲೇರಿತು. “ಇಳಿಯಿರಿ ಬೂದಿಗಣ್ಣರೇ.”

“ನನಗೆ ಕಾಲುನೋವು.”

“ಇಳಿಸಿ,” ಎಂದ ರಾಜ.

ಬೋಯಿಗಳು ಪಲ್ಲಕ್ಕಿಯನ್ನು ವಾಲಿಸಿದರು. ಬೂದಿಗಣ್ಣನ ಪಾದ ಮಣ್ಣಿಗೆ ತಾಗಿತು, ಪಾದ ಕರಗಿತು, ಮೊಣಕಾಲು ಕರಗಿತು. ಅವನು ಸತ್ತು ಎಷ್ಟೋ ಕಾಲವಾಗಿತ್ತು. ಮಂತ್ರದ ಬಲದಿಂದ ಓಡಾಡಿಕೊಂಡಿದ್ದ. ಸತ್ತದ್ದನ್ನು ತಿನ್ನುವವರಿಗೆ ಅವನು ಹೆದರಿದ್ದು ಅದಕ್ಕೇ. ನೋಡನೋಡುತ್ತಲೇ ಅವನು ಹಿಡಿ ಗೊಬ್ಬರವಾದ.

ಅಷ್ಟರಲ್ಲಿ ಮಳೆ ಹನಿಯಿತು. ಎಷ್ಟೋ ಕಾಲದ ಮೇಲೆ ಮಣ್ಣು ಘಮ್ಮೆಂದಿತು. ಬೊಂಬೆಯ ಹುಲ್ಲು ಮತ್ತೆ ಮೈಯಾಗಿ, ಕೆಂಚ ಕಣ್ಣು ಬಿಟ್ಟು, ಮೂಗೆತ್ತಿ ಗಾಳಿ ಎಳೆದುಕೊಂಡ.

“ಲೇ,” ಎಂದ, “ಬಂತು ನೋಡು ವಾಸನೆ.”

ತಿಪ್ಪಕ್ಕ ಮಳೆಯಲ್ಲೇ ಕೂತು ಅತ್ತಳು.

ಆಮೇಲೆ ಅವಳ ಹೊಲದ ಮಣ್ಣು ಹೆಪ್ಪಾಗಿ ಮನೆಮನೆಗೆ ಹೋಯಿತು. ಒಂದೊಂದು ಹೊಲ ಘಮ್ಮೆಂದಾಗಲೂ ಅಲ್ಲಿನ ಬೊಂಬೆ ಕಣ್ಣು ಬಿಟ್ಟಿತು. ಜೋಳದ ತೆನೆ ಗಟ್ಟಿ ಕಾಳು ಕಟ್ಟಿತು. ಎರೆನಾಡಿನವರೆಲ್ಲ ಹೊಟ್ಟೆ ತುಂಬ ಉಂಡು ಸುಖವಾಗಿದ್ದರು. ರಾಜನೂ ಬಿಸಿ ರೊಟ್ಟಿಯನ್ನು ತಾನೇ ಮೊದಲು ಮುರಿಯತೊಡಗಿದ. ಬೇಸರವಾದದ್ದು ಬೆಕ್ಕೊಂದಕ್ಕೇ, ಅದು ಇಲಿ ಹಿಡಿಯುವುದನ್ನು ಮತ್ತೆ ಕಲಿಯಬೇಕಾಯಿತು.