ಬಾಗಿಲಲ್ಲಿ ಬಿಟ್ಟ ಶೂ

"ಇವು ಯಾರವು?"

ಕಾವಲಿನವನು ಒಂದು ಜೊತೆ ಕಪ್ಪು ಶೂ ಎತ್ತಿ ಹಿಡಿದ. "ಬಾಗಿಲ ಹತ್ತಿರ ಬಿದ್ದಿದ್ದವು. ಯಾರದೂ ಅಲ್ಲದ ವಸ್ತು ಕಂಡರೆ ಪೊಲೀಸರಿಗೆ ಫೋನ್ ಮಾಡಬೇಕು ಅಂತ ರೂಲ್ ಇದೆ. ಮೊದಲು ಒಂದು ಮಾತು ಕೇಳೋಣ ಅಂತ ಬಂದೆ."

ಐದನೇ ಕ್ಲಾಸಿನ ಇಪ್ಪತ್ತೊಂಬತ್ತು ಮಕ್ಕಳು ತಮ್ಮ ತಮ್ಮ ಕಾಲು ನೋಡಿಕೊಂಡರು. ಮೂವತ್ತನೆಯವಳು ಪ್ರತೀಕ್ಷಾ. ಅವಳು ನೋಡಿಕೊಳ್ಳಲಿಲ್ಲ, ಅವಳಿಗೆ ಗೊತ್ತಿತ್ತು.

ಅದು ೧೯೯೮ರ ಮಾರ್ಚ್. ಲಂಡನ್ನಿನ ವೆಂಬ್ಲಿಯ ಶಾಲೆಯಿಂದ ಮಕ್ಕಳನ್ನು ಸಿನಗಾಗ್‌ಗೆ, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರಕ್ಕೆ, ಕರೆತಂದಿದ್ದರು. ದೇವರ ಮುಂದೆ ಶೂ ಹಾಕಿಕೊಂಡು ಹೋಗಬಾರದು ಎಂದು ಅಮ್ಮ ಹೇಳಿಕೊಟ್ಟಿದ್ದಳು. ಯಾವ ದೇವರು ಎಂದು ಹೇಳಿರಲಿಲ್ಲ. ಪ್ರತೀಕ್ಷಾ ಬಾಗಿಲಲ್ಲೇ ಶೂ ಬಿಚ್ಚಿದಳು. ಬಿಚ್ಚಿದ ಮೇಲೆ ನೋಡಿದರೆ ಬಲಗಾಲಿನ ಸಾಕ್ಸ್ ತೂತು, ಹೆಬ್ಬೆರಳು ಪೂರ್ತಿ ಹೊರಗೆ. ಆಗಿನಿಂದ ಬಲಗಾಲನ್ನು ಎಡಗಾಲಿನ ಹಿಂದೆ ಬಚ್ಚಿಟ್ಟುಕೊಂಡು ಕೊಕ್ಕರೆಯ ಹಾಗೆ ನಿಂತಿದ್ದಳು.

ಮಿಸ್ಟರ್ ಕಾಟ್ಜ್ ಎಂಬ ಅಜ್ಜ ಮಂದಿರದ ಕತೆ ಹೇಳುತ್ತಿದ್ದರು. ದರ್ಜಿಗಳು ಚಂದಾ ಎತ್ತಿ ಕಟ್ಟಿಸಿದ್ದು, ಯುದ್ಧದಲ್ಲಿ ಬಾಂಬು ಬಿದ್ದು ಬಣ್ಣದ ಗಾಜು ಒಡೆದದ್ದು, ಈಗ ಪಕ್ಕದ ಹಾಲ್‌ನಲ್ಲಿ ಗುರುವಾರ ಗುರುವಾರ ಬೀದಿಯ ಮುದುಕರಿಗೆಲ್ಲ, ಯಾವ ಧರ್ಮದವರಾದರೂ ಸರಿ, ಬಿಸಿ ಸೂಪ್ ಕೊಡುವುದು. ಪ್ರತೀಕ್ಷಾ ಅರ್ಧಂಬರ್ಧ ಕೇಳಿಸಿಕೊಂಡಿದ್ದಳು. ಹೆಬ್ಬೆರಳಿನ ಚಿಂತೆಯೇ ದೊಡ್ಡದಾಗಿತ್ತು.

ನನ್ನವಲ್ಲ ಎಂದುಬಿಡಬಹುದಿತ್ತು. ಆದರೆ ಶಾಲೆಗೆ ಒಂದು ಮೈಲಿ ವಾಪಸ್ ನಡೆಯಬೇಕಿತ್ತು.

"ನನ್ನವು," ಎಂದಳು.

"ಯಾಕೇ ಬಿಚ್ಚಿದೆ?" ಗೆಳತಿ ಎಲೀಷಾ ಕಿಸಕ್ಕನೆ ನಕ್ಕಳು. "ನಮ್ಮ ಚರ್ಚಲ್ಲಿ ಯಾರೂ ಬಿಚ್ಚಲ್ಲ. ಅಲ್ನೋಡಿ, ಅವಳ ಬೆರಳು."

ಕ್ಲಾಸಿಗೆ ಕ್ಲಾಸೇ ನಕ್ಕಿತು. ಪ್ರತೀಕ್ಷಾ ಬಲಗಾಲನ್ನು ಇನ್ನಷ್ಟು ಹಿಂದಕ್ಕೆ ಎಳೆದುಕೊಂಡಳು.

ಮಿಸ್ಟರ್ ಕಾಟ್ಜ್ ನಗಲಿಲ್ಲ. "ನಾನೂ ಇಲ್ಲಿ ಶೂ ಬಿಚ್ಚುತ್ತೇನೆ," ಎಂದರು. "ಹಬ್ಬದ ದಿನ ಎಲ್ಲರಿಗೂ ಆಶೀರ್ವಾದ ಮಾಡೋದು ನಮ್ಮ ಮನೆತನದ ಕೆಲಸ. ನಮ್ಮ ತಾತ, ನಮ್ಮಪ್ಪ, ಎಲ್ಲ ಇದೇ ಜಾಗದಲ್ಲಿ ಬರೀ ಸಾಕ್ಸಲ್ಲಿ ನಿಂತವರು."

"ಸಾಕ್ಸ್ ತೂತಾಗಿದ್ರೆ ಏನು ಮಾಡ್ತೀರಿ, ಸರ್?" ಪ್ರತೀಕ್ಷಾ ಕೇಳಿದಳು.

"ಆ ಹೊತ್ತಲ್ಲಿ ಯಾರೂ ನಮ್ಮ ಕಡೆ ನೋಡೋ ಹಾಗಿಲ್ಲ. ಎಲ್ಲರೂ ಮುಖ ಮುಚ್ಚಿಕೊಳ್ಳಬೇಕು. ತುಂಬಾ ಹಳೇ ನಿಯಮ. ತುಂಬಾ ಅನುಕೂಲ."

ಎಲೀಷಾಳ ನಗು ನಿಂತಿತು. ಆಮೇಲೆ ಎರಡೂ ಅಂಗೈಯಿಂದ ಕಣ್ಣು ಮುಚ್ಚಿಕೊಂಡಳು. ಅವಳನ್ನು ನೋಡಿ ಇನ್ನಿಬ್ಬರು ಮುಚ್ಚಿಕೊಂಡರು. ಕಾವಲಿನವನೂ ಗೋಡೆಯ ಕಡೆ ತಿರುಗಿ, ಶೂ ಹಿಡಿದ ಕೈಯನ್ನು ಮಾತ್ರ ಹಿಂದಕ್ಕೆ ಚಾಚಿದ. "ತಗೋ ಮಗೂ."

ಪ್ರತೀಕ್ಷಾ ಬಲಗಾಲನ್ನು ಈಚೆ ತಂದು ಕಾರ್ಪೆಟ್ ಮೇಲೆ ಊರಿದಳು. ಹೆಬ್ಬೆರಳಿಗೆ ಬೆಚ್ಚಗೆನಿಸಿತು.

"ಈಗ ಬೇಡ, ಅಂಕಲ್. ಹೋಗುವಾಗ ಹಾಕ್ಕೋತೀನಿ," ಎಂದು ಮಿಸ್ಟರ್ ಕಾಟ್ಜ್ ಕಡೆ ತಿರುಗಿದಳು. "ಸರ್, ಒಡೆದ ಗಾಜು ಯಾವ ಕಿಟಕಿದು?"